ಸೈಕಲ್ಲಿಗಿಂತ ಡಬ್ಬಿಗೇ ಗಿರಾಕಿ

ಅಡಿಕೆ ಸುಲಿಯುವ ಮೆಷಿನ್ ತರುದು ಅಂತ ಮನೇಲಿ ತೀರ್ಮಾನ ಆಯ್ತು, ಮೆಷಿನಿಗೆ ಶೆಡ್ಡಿನಲ್ಲಿ ಜಾಗ ಬೇಕು, ಜಾಗ ಅಂದ ಕೂಡ್ಲೆ ಎಲ್ಲರ ಕಣ್ಣು ಹೋದದ್ದು ನನ್ನ ಸೈಕಲ್ಲಿನ ಮೇಲೆ. ಸಾದಾ ಸೈಕಲ್ಲಲ್ಲ ಮಾರಾಯ್ರೆ ಅದು. ಅಮೆರಿಕದ ಟ್ರೆಕ್ ಕಂಪೆನಿಯ ಹಳೇ ಮೌಂಟೇನ್ ಬೈಕು, ಕ್ರೋಮೊಲಿ ಸ್ಟೀಲಿನ ಫ್ರೇಮು, ಶಾಕ್ ಗೀಕ್ ಎಂತದೂ ಇಲ್ಲ. ಸೋದರ ಮಾವ ಶಾರ್ಜಾದಲ್ಲಿದ್ದಾಗ ಅಲ್ಲಿಯ ಒಬ್ಬ ಇಂಜಿನಿಯರು ತನ್ನ ದೇಶಕ್ಕೆ ವಾಪಸ್ ಹೋಗುವಾಗ ಕೊಟ್ಟು ಹೋದದ್ದಂತೆ, ಮಾವ ಗಲ್ಫ್ ಬಿಟ್ಟು ಬರುವಾಗ ಕಂಬಳಿ, ಮಿಕ್ಸಿ, ಟ್ಯಾಂಗ್ ಡಬ್ಬಿಗಳ ಒಟ್ಟಿಗೆ ಇದನ್ನೂ ಕಾರ್ಗೋದಲ್ಲಿ ಹಾಕಿದ್ರು. ನಮ್ಮ ಕಾಸರಗೋಡಿನ ನೀರ್ಚಾಲು ಪೇಟೆಗೆ ಒಂದೆರಡು ಸರ್ತಿ ಹೋದ್ರೋ ಏನೋ, ಮತ್ತೆ ಸ್ಕೂಟರ್ ಬಂತು, ಸೈಕಲ್ಲು ಅಟ್ಟ ಸೇರಿತು.

ಅಟ್ಟದಿಂದ ಇಳಿಸಿದ್ದು ನಾನು. ಸೀಟಿನ ಪೈಪು ಫ್ರೇಮಿನೊಳಗೆ ಹಿಡ್ಕೊಂಡು ಬಿಟ್ಟಿತ್ತು, ಸ್ಟೀಲಿನೊಳಗೆ ಅಲ್ಯುಮಿನಿಯಂ ಪೈಪು ಇದ್ರೆ ನಮ್ಮ ಊರಿನ ಮಳೆಗೆ ಎರಡೂ ಸೇರಿ ಒಂದೇ ಆಗ್ತದೆ. ಡೀಸೆಲ್ ಬಿಟ್ಟು, ಬಿಸಿನೀರು ಹೊಯ್ದು, ದಿನಾ ಸ್ವಲ್ಪ ಸ್ವಲ್ಪ ತಿರುಗಿಸಿ ಅಂತೂ ಬಿಡಿಸಿದೆ. ಆಮೇಲೆ ಹುಚ್ಚು ಹಿಡೀತು ನೋಡಿ. ಹಳೇ ಕ್ಯಾಂಟಿಲಿವರ್ ಬ್ರೇಕು ಮಳೆಗಾಲದ ಇಳಿಜಾರಿನಲ್ಲಿ ಹಿಡಿಯುದೇ ಇಲ್ಲ, ಅದಕ್ಕೆ ವಿ-ಬ್ರೇಕು ಹಾಕಿದೆ. ಇದು ಶಿಮಾನೋದವರು 1996ರಲ್ಲಿ ತಂದ ಬ್ರೇಕು, ಕೇಬಲ್ಲು ಜಾಸ್ತಿ ಎಳೀಬೇಕು, ಹಳೇ ಲಿವರ್ ಅಷ್ಟು ಎಳೆಯುದಿಲ್ಲ, ಹಾಗಾಗಿ ಲಿವರೂ ಹೊಸತು. ಲಿವರ್ ಬದಲಿಸಿದ ಮೇಲೆ ಗೇರ್ ಯಾಕೆ ಹಳತು? ಚಕ್ರದ ನಡುವಿನ 7 ಸ್ಪೀಡಿನ ಹಬ್ಬಿನಲ್ಲಿ 9 ಗೇರಿನ ಹಲ್ಲುಚಕ್ರಗಳ ಸೆಟ್ಟು, ಅಂದ್ರೆ ಕ್ಯಾಸೆಟ್, ಕೂರುದಿಲ್ಲ, ಹಾಗಾಗಿ ಹಿಂದಿನ ಚಕ್ರವೇ ಹೊಸತು, ಹಿಂದಿನದ್ದು ಹೊಸತಾದ್ರೆ ಮುಂದಿನದ್ದು ಹಳತು ಇಟ್ರೆ ಚಂದ ಉಂಟಾ?

ಪೆಡಲಿನ ಕೈ, ಅಂದ್ರೆ ಕ್ರ್ಯಾಂಕು, ಎರಡನ್ನೂ ಸೇರಿಸುವ ನಡುವಿನ ಆಕ್ಸಿಲಿಗೆ ಸೀಲ್ಡ್ ಬೇರಿಂಗು ಹಾಕಿದ್ದು ಮಾತ್ರ ಶೋಕಿಗಲ್ಲ, ಬಿಡಿ ಬಾಲ್ಸಿಗೆ ಎಷ್ಟು ಗ್ರೀಸ್ ತುಂಬಿದ್ರೂ ಕರ್ಕಾಟಕ ತಿಂಗಳ ಜಡಿಮಳೆಯಲ್ಲಿ ನೀರು ಹೋಗ್ತದೆ. ಬಿಚ್ಚುವಾಗ ಬದಿಯಡ್ಕದ ಸೈಕಲ್ ಶಾಪಿನ ಅಣ್ಣನಿಗೂ ನನಗೂ ಚರ್ಚೆಯೇ ಆಯ್ತು. ಬೇರಿಂಗು ಹಿಡಿದಿಡುವ ಬಲಗಡೆಯ ಕಪ್ಪಿಗೆ ಥ್ರೆಡ್ ಉಲ್ಟಾ, ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುಗಿಸಿದ್ರೇ ಬಿಚ್ಚುದು. ಅಣ್ಣ ನಂಬದೆ ಸ್ಪ್ಯಾನರಿನ ಮೇಲೆ ಹತ್ತಿ ನಿಂತು ಮತ್ತಷ್ಟು ಟೈಟ್ ಮಾಡಿ ಇಟ್ರು.

ಆ ಸೈಕಲ್ಲಿನಲ್ಲಿ ಅನಂತಪುರದ ಪದವಿನಲ್ಲಿ ಮುರಕಲ್ಲಿನ ಮೇಲೆ ಗಡಗಡ ಅಂತ ಓಡಿಸಿದ್ದುಂಟು, ಪೊಸಡಿ ಗುಂಪೆಯ ಏರಿನಲ್ಲಿ ನೂಕಿಕೊಂಡು ಹೋದದ್ದೂ ಉಂಟು. ಮುಂದೆ ಶಾಕ್ ಫೋರ್ಕ್ ಹಾಕು ಅಂದವರು ಸುಮಾರು ಜನ, ನಾನು ಕೇಳ್ಲಿಲ್ಲ. ಆ ಕಾಲದ ಫ್ರೇಮಿಗೆ ಉದ್ದದ ಫೋರ್ಕ್ ಹಾಕಿದ್ರೆ ಮುಂದಿನ ಬದಿ ಎದ್ದು ನಿಂತು ಹ್ಯಾಂಡಲ್ ತಿರುಗುವ ಹದವೇ ಕೆಡ್ತದೆ, ಅದು ಅಪ್‌ಗ್ರೇಡ್ ಅಲ್ಲ, ಅನ್ಯಾಯ.

ಸರಿ, ಮಾರ್ಲಿಕ್ಕೆ ಫೋಟೋ ಹಾಕಿದೆ. 32 ಸಾವಿರ ಹೇಳಿದೆ, ಹೊಸ ಸಾಮಾನಿಗೇ 20 ಸಾವಿರದ ಮೇಲೆ ಹೋಗಿತ್ತಲ್ಲ. ಫೋನೋ ಫೋನು. ಅರ್ಧ ಜನ ಹಲೋ ಹೇಳುದರೊಳಗೆ "ಲಾಸ್ಟ್ ಎತ್ರಯಾ", ಕೊನೇ ರೇಟು ಎಷ್ಟು ಅಂತ ಮಲಯಾಳದಲ್ಲಿ, ಅದೇ ಪ್ರಶ್ನೆ ತುಳುವಿನಲ್ಲಿ, ಕನ್ನಡದಲ್ಲಿ, ಬ್ಯಾರಿ ಭಾಷೆಯಲ್ಲಿ, ಕಾಸರಗೋಡಲ್ಲಿ ಚೌಕಾಸಿಗೆ ಭಾಷೆಯ ಬರಗಾಲ ಇಲ್ಲ. ಕುಂಬಳೆಯಿಂದ ಒಬ್ಬರು ಮಗನನ್ನು ಕರ್ಕೊಂಡು ಬಂದ್ರು. ಹುಡುಗ ಒಂದು ಸುತ್ತು ನೋಡಿ "ಡಿಸ್ಕ್ ಇಲ್ವಾ?" ಅಂದ. ಇಲ್ಲ ಅಂದೆ. ಅವನ ಆಸಕ್ತಿ ಅಲ್ಲಿಗೆ ಮುಗೀತು, ಅಪ್ಪ ಮರ್ಯಾದೆಗೆ ಚಾ ಕುಡಿದು "ಈ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಸ್ಕೂಟರೇ ಬರ್ತದಲ್ಲಾ ಭಟ್ರೇ" ಅಂತ ಹೇಳಿ ಹೋದ್ರು. ತಪ್ಪೇನಿಲ್ಲ ಅವರದ್ದು. ಈಗಿನ ಅಂಗಡಿ ಸೈಕಲ್ಲಿಗೆ ಹೆಚ್ಚಾಗಿ 27.5, 29 ಇಂಚಿನ ಚಕ್ರ, ನನ್ನದು 26.

ಕೊನೆಗೆ ಪಯ್ಯನ್ನೂರಿನಿಂದ ಒಬ್ಬ ಯುವಕ ಫೋನ್ ಮಾಡಿದ. ಲಾಸ್ಟ್ ಗೀಸ್ಟ್ ಇಲ್ಲ, ಮೊದಲ ಪ್ರಶ್ನೆಯೇ "ಏಟ್ಟಾ, ಪಳಯ ಪಾರ್ಟ್ಸ್ ಉಂಡೋ?" ಹಳೇ ಸಾಮಾನು ಇತ್ತು. ಎಲ್ಲಾ ಒಂದು ಬಿಸ್ಕೆಟ್ ಡಬ್ಬಿಯಲ್ಲಿ ಹಾಕಿ ಇಟ್ಟಿದ್ದೆ, ಚಕ್ರ ಎರಡೂ ಹಟ್ಟಿಯ ಮಾಡಿನಡಿ ನೇತಾಡ್ತಿತ್ತು. ಗುಜರಿಯವ ಬಂದಾಗೆಲ್ಲ ಇವಳು "ಆ ಡಬ್ಬಿ ಕೊಡುದಾ?" ಅಂತ ಕೇಳುದು, ನಾನು ಬೇಡ ಅನ್ನುದು, ಇದು ನಮ್ಮ ಮನೆಯಲ್ಲಿ ಮಾಮೂಲು.

ಆದಿತ್ಯವಾರ ಕಾರಿನಲ್ಲಿ ಬಂದ. ಹೊಸ ಗೇರಿನ ಕಡೆ ತಿರುಗಿಯೂ ನೋಡ್ಲಿಲ್ಲ. ಸೀಟಿನ ಬೋಲ್ಟ್ ಸಡಿಲಿಸಿ ಪೈಪು ಮೇಲೆ ಕೆಳಗೆ ಆಡ್ತದಾ ನೋಡಿದ, ಹ್ಯಾಂಡಲಿನ ಸ್ಟೆಮ್ ಬಿಡಿಸಿ ನೋಡಿದ, ಸೈಕಲ್ಲು ತಲೆಕೆಳಗೆ ಮಾಡಿ ಮೊಬೈಲಿನ ಲೈಟ್ ಹಾಕಿ ವೆಲ್ಡಿಂಗ್ ನೋಡಿದ. ಆಮೇಲೆ ಡಬ್ಬಿ ಬಿಚ್ಚಿ ಸಾಮಾನೆಲ್ಲ ಜಗಲಿಯಲ್ಲಿ ಪೇಪರಿನ ಮೇಲೆ ಸಾಲಾಗಿ ಇಟ್ಟ. ಕ್ರ್ಯಾಂಕನ್ನು ಮಗುಚಿ ಬೆರಳಿಗೆ ಉಗುಳು ಮುಟ್ಟಿಸಿ ಹಿಂಬದಿಯ ಕೊಳೆ ಉಜ್ಜಿದ, ಅಲ್ಲಿ ಸಣ್ಣದಾಗಿ ಎರಡು ಅಕ್ಷರ, ಪಿ ಮತ್ತು ಡಿ. ನಾನು ಇಷ್ಟು ವರ್ಷದಲ್ಲಿ ಕಂಡದ್ದೇ ಇಲ್ಲ. ಶಿಮಾನೋದ ಲೆಕ್ಕ ಅಂತೆ ಅದು, ಎ ಅಂದ್ರೆ 1976, ಅಲ್ಲಿಂದ ಎಣಿಸಿದ್ರೆ ಪಿ 1991, ಎರಡನೇ ಅಕ್ಷರ ತಿಂಗಳು, ಡಿ ಅಂದ್ರೆ ಏಪ್ರಿಲ್. ಗೇರಿನ ಹಳೇ ಥಂಬ್ ಶಿಫ್ಟರು ಕಿವಿ ಹತ್ರ ಹಿಡ್ಕೊಂಡು ಒಂದೊಂದೇ ಕ್ಲಿಕ್ ಎಣಿಸಿದ. ಏಳೂ ಗೇರಿನ ಜಾಗ ಸರಿ ಇತ್ತು. ಅಷ್ಟಕ್ಕೇ ಅವನ ಮುಖ ಅರಳಿತು, ನನ್ನ ಒಂಬತ್ತರ ಗೇರಿಗೆ ಅರಳದ ಮುಖ!

ಅವನಿಗೆ ಬೇಕಾದ್ದು ಫ್ರೇಮು, ಫೋರ್ಕು, ಹಳೇ ಚಕ್ರ ಮತ್ತು ಡಬ್ಬಿ. ಸೈಕಲ್ಲು ಫ್ಯಾಕ್ಟರಿಯಿಂದ ಬಂದ ಹಾಗೆ ಮಾಡಿ ಇಡುವುದಂತೆ. ನಾನು ಹಾಕಿದ್ದೆಲ್ಲ ನನಗೇ ಬಿಟ್ಟು, ಉಳಿದದ್ದಕ್ಕೆ 15 ಸಾವಿರ ಅಂದ. ನಾನು 20 ಅಂದೆ. ಇವಳು ಚಾ, ಹಲಸಿನ ಹಪ್ಪಳ ತಂದಿಟ್ಟು ಒಳಗೆ ಹೋಗದೆ ಬಾಗಿಲಲ್ಲೇ ನಿಂತಳು, 17ಕ್ಕೆ ಮುಗೀತು. ಮಧ್ಯಾಹ್ನ ಇಡೀ ನಾವಿಬ್ಬರೂ ಅಂಗಳದಲ್ಲಿ ಕೂತು ಬಿಚ್ಚಿದ್ದೇ ಬಿಚ್ಚಿದ್ದು. ಬೇರಿಂಗಿನ ಹತ್ರ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಅವನು ಉಲ್ಟಾ ತಿರುಗಿಸಿದ್ದು ಕಂಡು ಸೈಕಲ್ಲು ಸರಿಯಾದ ಕೈಗೆ ಹೋಗ್ತಾ ಉಂಟು ಅಂತ ಗ್ಯಾರಂಟಿ ಆಯ್ತು.

"ಗುಜರಿಯವ ಆ ಡಬ್ಬಿಗೆ ಎಷ್ಟು ಕೊಡ್ತಿದ್ದ?" ಅಂತ ರಾತ್ರಿ ಇವಳನ್ನು ಕೇಳಿದೆ. ಉತ್ತರ ಬರ್ಲಿಲ್ಲ, "ಚಕ್ರ ಇನ್ನೂ ಅಲ್ಲೇ ಉಂಟಲ್ಲಾ" ಅಂದಳು. ಅದೂ ಹೌದು. ಬ್ರೇಕು, ಲಿವರು ಪಕ್ಕದ ಮನೆ ಹುಡುಗನ ಸೈಕಲ್ಲಿಗೆ ಹಾಕಿ ಕೊಟ್ಟೆ, ಮೆಷಿನೂ ಬಂತು. ಹೊಸ ಚಕ್ರ ಎರಡು ಉಳಿದಿದೆ, 26 ಇಂಚು, ಹಿಂದಿನ ಹಬ್ಬು 135 ಎಂಎಂ, ಕ್ಯಾಸೆಟ್ ಒಟ್ಟಿಗೇ ಕೊಡ್ತೇನೆ, ಡಿಸ್ಕ್ ಹಾಕ್ಲಿಕ್ಕಾಗುದಿಲ್ಲ. ಬೇಕಾದವರು ಮನೆಗೇ ಬನ್ನಿ, ಲಾಸ್ಟ್ ಎಷ್ಟು ಅಂತ ಚಾ ಕುಡಿದ ಮೇಲೆ ಮಾತಾಡುವ.