ಚಿಕಾಗೋದಿಂದ ಗ್ರೀನ್ ಬೇವರೆಗೆ: ಎಂಟು ಪಿಕ್, ಒಂದು ಟ್ರೇಡ್

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟ್ 2025ರಲ್ಲಿ ನಡೆದದ್ದು ಪ್ಯಾಕರ್ಸ್ ತಂಡದ ಊರಾದ ಗ್ರೀನ್ ಬೇಯಲ್ಲಿ. ಚಿಕಾಗೋದಿಂದ ಗ್ರೀನ್ ಬೇಗೆ ಸುಮಾರು 330 ಕಿಲೋಮೀಟರ್. ಪೂರ್ತಿ ದಾರಿಗೆ ರೈಲಿಲ್ಲ. ಯೂನಿಯನ್ ಸ್ಟೇಷನ್‌ನಿಂದ ಹೊರಡುವ ಹೈವಾಥಾ ರೈಲು ಒಂದೂವರೆ ಗಂಟೆಯಲ್ಲಿ ಮಿಲ್ವಾಕಿ ಮುಟ್ಟಿಸುತ್ತದೆ. ಅಲ್ಲಿಂದಾಚೆಗೆ ಬಸ್ಸು ಇಲ್ಲವೇ ಬಾಡಿಗೆ ಕಾರು. ಚಿಕಾಗೋದಿಂದಲೇ ಕಾರು ಹಿಡಿದರೆ ಮಿಲ್ವಾಕಿವರೆಗೆ ಐ-94, ಆಮೇಲೆ ಐ-43. ಈ ಎರಡನೆಯ ರಸ್ತೆ ಶಿಬಾಯ್ಗನ್, ಮ್ಯಾನಿಟೊವಾಕ್ ಊರುಗಳ ಪಕ್ಕದಲ್ಲಿ ಮಿಷಿಗನ್ ಸರೋವರದ ದಂಡೆಗುಂಟ ಬಡಗಣಕ್ಕೆ ಸಾಗುತ್ತದೆ. ಆಶ್‌ಕಾಶ್, ಆಪಲ್ಟನ್ ಮೇಲೆ ಹೋಗುವ ಐ-41 ಇನ್ನೊಂದು ದಾರಿ. ಕ್ರೀಡಾಂಗಣಕ್ಕೇ ನೇರ ಹೋಗುವವರಿಗೆ ಇದೇ ವಾಸಿ, ಲೊಂಬಾರ್ಡಿ ಅವೆನ್ಯೂ ಈ ಹೆದ್ದಾರಿಯಿಂದಲೇ ಕವಲೊಡೆಯುತ್ತದೆ. ಎಲ್ಲೂ ನಿಲ್ಲದಿದ್ದರೆ ಮೂರೂವರೆ ಗಂಟೆಯ ಹಾದಿ.

ಗ್ರೀನ್ ಬೇ ದೊಡ್ಡ ಊರಲ್ಲ. ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ಫಾಕ್ಸ್ ನದಿ ಕೊಲ್ಲಿಯನ್ನು ಸೇರುವ ಕಡೆ ಕಾಗದದ ಗಿರಣಿಗಳು, ಹಡಗುಕಟ್ಟೆ, ತಗ್ಗು ಮನೆಗಳ ಓಣಿಗಳು. ಆ ಓಣಿಗಳ ನಡುವೆ 81,441 ಜನ ಕೂರಬಲ್ಲ ಲ್ಯಾಂಬೋ ಫೀಲ್ಡ್. ನಾವು ಸಾಮಾನ್ಯವಾಗಿ ಫುಟ್‌ಬಾಲ್ ಎಂದು ಕರೆಯುವ ಆಟಕ್ಕಲ್ಲ, ಚೆಂಡನ್ನು ಎದೆಗವಚಿ ಓಡುವ ಅಮೆರಿಕನ್ ಫುಟ್‌ಬಾಲಿಗೆ ಕಟ್ಟಿದ್ದು. 1919ರಲ್ಲಿ ಹುಟ್ಟಿದ ಪ್ಯಾಕರ್ಸ್ ತಂಡಕ್ಕೆ ಒಬ್ಬ ಧಣಿ ಇಲ್ಲ. ಸುಮಾರು 5.4 ಲಕ್ಷ ಷೇರುದಾರರ ತಂಡ ಇದು. ಷೇರಿಗೆ ಲಾಭಾಂಶ ಬರುವುದಿಲ್ಲ, ಅದನ್ನು ಮಾರಿ ದುಡ್ಡು ಮಾಡಿಕೊಳ್ಳಲೂ ಆಗುವುದಿಲ್ಲ. ಕೊಂಡವರು ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಸೋತ ವರ್ಷದಲ್ಲಿ ಜೇಬಿನಿಂದ ಹಣ ಸುರಿಯುವ ಶ್ರೀಮಂತ ಮಾಲೀಕನಿಲ್ಲದ ಊರಿಗೆ ಎಳೆಯ ಆಟಗಾರರನ್ನು ಕಡಿಮೆ ಸಂಬಳಕ್ಕೆ ತಂದುಕೊಡುವ ಡ್ರಾಫ್ಟ್ ಜೀವನಾಡಿ. ಅದಕ್ಕೇ 2025ರ ಏಪ್ರಿಲ್ 24, 25, 26ರಂದು ಇಡೀ ಲೀಗಿನ ಡ್ರಾಫ್ಟ್ ಇಲ್ಲೇ ನಡೆದಾಗ ಊರು ಊರೇ ಎದ್ದು ಕೂತಿತ್ತು. ಮೂರು ದಿನಕ್ಕೆ ಆರು ಲಕ್ಷ ಜನ ಬಂದರೆಂದು ಲೀಗ್ ಲೆಕ್ಕ ಕೊಟ್ಟಿತು, ಮೊದಲ ದಿನವೇ ಎರಡು ಲಕ್ಷ ದಾಟಿತ್ತು.

ಇಂಥ ದಿನಗಳಲ್ಲಿ ಊರೊಳಗೆ ಹೋಟೆಲ್ ಕೋಣೆ ಸಿಗುವುದು ಕಷ್ಟ. ಐವತ್ತು ಕಿಲೋಮೀಟರ್ ಈಚೆಗಿನ ಆಪಲ್ಟನ್‌ನಲ್ಲಿ ಉಳಿಯುವುದು ಜಾಣತನ. ಡ್ರಾಫ್ಟ್‌ಗೆ ಪ್ರವೇಶ ಉಚಿತವಾಗಿತ್ತು, ಆದರೆ ಲೀಗಿನ ಆ್ಯಪ್‌ನಲ್ಲಿ ಮೊದಲೇ ಹೆಸರು ನೋಂದಾಯಿಸಿರಬೇಕಿತ್ತು. ಚೀಲದ ವಿಷಯದಲ್ಲಿ ಲೀಗಿನ ನಿಯಮ ಬಲು ಕಟ್ಟುನಿಟ್ಟು: ಒಳಗಿನದು ಹೊರಗೆ ಕಾಣುವಂಥ ಪಾರದರ್ಶಕ ಚೀಲ, ಅದೂ 12 ಇಂಚು ಅಗಲ, 12 ಇಂಚು ಎತ್ತರ, 6 ಇಂಚು ದಪ್ಪ ಮೀರುವಂತಿಲ್ಲ. ಬಟ್ಟೆಯ ಬ್ಯಾಗ್ ತಂದವರು ಮತ್ತೆ ಕಾರಿನವರೆಗೆ ನಡೆಯಬೇಕು. ಕ್ರೀಡಾಂಗಣದ ಸುತ್ತಲ ರಸ್ತೆಗಳು ಮುಚ್ಚಿರುವುದರಿಂದ ಆ ನಡಿಗೆಗೇ ಅರ್ಧ ಗಂಟೆ ಹೋಗುತ್ತದೆ. ಏಪ್ರಿಲ್ ಕೊನೆಯೆಂದು ತೆಳು ಅಂಗಿಯಲ್ಲಿ ಹೋಗಬಾರದು. ಹೊತ್ತು ಮುಳುಗಿದರೆ ಕೊಲ್ಲಿಯ ಗಾಳಿ ಎಲುಬಿಗೆ ತಾಕುತ್ತದೆ, ಮೊದಲ ದಿನದ ಕಾರ್ಯಕ್ರಮ ಶುರುವಾಗುವುದೇ ಸಂಜೆ ಏಳಕ್ಕೆ.

ಐಪಿಎಲ್ ಹರಾಜು ನೋಡಿದ ಕಣ್ಣಿಗೆ ಡ್ರಾಫ್ಟ್ ವಿಚಿತ್ರವಾಗಿ ಕಾಣುತ್ತದೆ. ಇಲ್ಲಿ ಕೂಗು ಇಲ್ಲ, ಸುತ್ತಿಗೆ ಇಲ್ಲ. ಹಿಂದಿನ ವರ್ಷ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ. ಏಳು ಸುತ್ತು, 2025ರಲ್ಲಿ ಒಟ್ಟು 257 ಪಿಕ್, ಅಂದರೆ ಆಯ್ಕೆಯ ಸರದಿಗಳು. ಆ ವರ್ಷ ಮೊದಲ ಸುತ್ತಿನಲ್ಲಿ ಒಂದೊಂದು ತಂಡಕ್ಕೆ ಹತ್ತು ನಿಮಿಷ, ಎರಡನೆಯದರಲ್ಲಿ ಏಳು, ಮೂರರಿಂದ ಆರನೆಯ ಸುತ್ತಿನವರೆಗೆ ಐದು, ಏಳನೆಯದರಲ್ಲಿ ನಾಲ್ಕು. ಸರದಿಯನ್ನೇ ಇನ್ನೊಂದು ತಂಡಕ್ಕೆ ಕೊಟ್ಟು ಬದಲಿಗೆ ಬೇರೆ ಸರದಿ ಇಲ್ಲವೇ ಆಟಗಾರನನ್ನು ಪಡೆದರೆ ಅದು ಟ್ರೇಡ್. ಅದನ್ನು ತೂಗಲು ಡಲ್ಲಾಸ್‌ನ ಕೋಚ್ ಆಗಿದ್ದ ಜಿಮ್ಮಿ ಜಾನ್ಸನ್ ಬಳಕೆಗೆ ತಂದ ಅಂಕಪಟ್ಟಿ ಈಗಲೂ ಅಭಿಮಾನಿಗಳ ಕೈಲಿದೆ. 1ನೇ ಪಿಕ್‌ಗೆ 3000 ಅಂಕ, 23ಕ್ಕೆ 760, 54ಕ್ಕೆ 360, 87ಕ್ಕೆ 155, 124ಕ್ಕೆ 48. ಇಳಿಜಾರು ಎಷ್ಟು ಕಡಿದು ನೋಡಿ. ಮುಂದಿನ ವರ್ಷದ ಪಿಕ್ ಕೊಟ್ಟರೆ ಅದನ್ನು ಒಂದು ಸುತ್ತು ಕೆಳಗಿನದೆಂದು ಹಿಡಿಯುವುದು ವಾಡಿಕೆ. ಈ ಮಾತು ನೆನಪಿರಲಿ, ಆಗಸ್ಟ್ ತಿಂಗಳಿಗೆ ಬೇಕಾಗುತ್ತದೆ.

ಗುರುವಾರ ರಾತ್ರಿ 23ನೇ ಸರದಿ ಬಂದಾಗ ವೇದಿಕೆಗೆ ಬಂದವರು ತಂಡದ ಅಧ್ಯಕ್ಷ ಮಾರ್ಕ್ ಮರ್ಫಿ, ಆ ಬೇಸಿಗೆಯಲ್ಲೇ ನಿವೃತ್ತರಾಗುವವರಿದ್ದರು. ಅವರು ಹೇಳಿದ ಹೆಸರು ಟೆಕ್ಸಸ್ ವಿಶ್ವವಿದ್ಯಾಲಯದ ವೈಡ್ ರಿಸೀವರ್ (ಮುಂದೆ ಓಡಿ ಎಸೆತ ಹಿಡಿಯುವವನು) ಮ್ಯಾಥ್ಯೂ ಗೋಲ್ಡನ್. ಲೊಂಬಾರ್ಡಿ ಅವೆನ್ಯೂವರೆಗೆ ತುಂಬಿದ್ದ ಜನ ಹುಯಿಲೆಬ್ಬಿಸಿದ್ದಕ್ಕೆ ಕಾರಣವಿತ್ತು. 2002ರಲ್ಲಿ ಜಾವನ್ ವಾಕರ್ ಬಂದ ಮೇಲೆ ಪ್ಯಾಕರ್ಸ್ ಮೊದಲ ಸುತ್ತಿನಲ್ಲಿ ರಿಸೀವರ್‌ನನ್ನು ತಂದಿರಲೇ ಇಲ್ಲ. ಗೋಲ್ಡನ್ ಆಯ್ಕೆ ಸರಿಯೆಂದೇ ನನ್ನ ಎಣಿಕೆ. 40 ಗಜವನ್ನು 4.29 ಸೆಕೆಂಡಿನಲ್ಲಿ ಓಡಿದ ಹುಡುಗ. ಕಾಲೇಜಿನ ಕೊನೆಯ ವರ್ಷ ಎಸೆತ ಹಿಡಿದು ಗಳಿಸಿದ್ದು 987 ಗಜ, ಒಂಬತ್ತು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು). ತಂಡದ ವೇಗದ ರಿಸೀವರ್ ಕ್ರಿಶ್ಚಿಯನ್ ವಾಟ್ಸನ್ ಅದೇ ಜನವರಿಯಲ್ಲಿ ಮೊಣಕಾಲಿನ ಎಸಿಎಲ್ ಎಂಬ ಲಿಗಮೆಂಟ್ ಹರಿದುಕೊಂಡಿದ್ದ. ಉದ್ದಕ್ಕೆ ಓಡಿ ರಕ್ಷಣೆಯ ಸಾಲನ್ನು ಹಿಂದಕ್ಕೆ ತಳ್ಳುವವನಿಲ್ಲದಿದ್ದರೆ ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಲವ್‌ನ ಎಸೆತಗಳೆಲ್ಲ ಇಕ್ಕಟ್ಟಿನಲ್ಲಿ ಬೀಳುತ್ತವೆ.

ಅಂಗಡಿಯಲ್ಲಿ ಆ ರಾತ್ರಿಯೇ ಜರ್ಸಿ ಕೊಳ್ಳುವ ಆಸೆಯಾಗುವುದು ಸಹಜ. ಕೊಳ್ಳಬೇಡಿ. ಮೊದಲ ಸುತ್ತಿನವರು ವೇದಿಕೆಯಲ್ಲಿ ಹಿಡಿಯುವ ಜರ್ಸಿಯ ಮೇಲಿನ 1 ಸುತ್ತಿನ ಗುರುತಷ್ಟೇ, ಆಟದ ಸಂಖ್ಯೆಯಲ್ಲ. ಗೋಲ್ಡನ್‌ಗೆ ಮೊದಲು ಕೊಟ್ಟದ್ದು 22, ಋತು ಶುರುವಾಗುವ ಹೊತ್ತಿಗೆ ಅವನು ತೊಟ್ಟದ್ದು 0. ಸೆಪ್ಟೆಂಬರ್‌ವರೆಗೆ ಕಾದರೆ ಹಣ ಉಳಿಯುತ್ತದೆ.

ಶುಕ್ರವಾರ 54ರಲ್ಲಿ ಬಂದವನು ನಾರ್ತ್ ಕ್ಯಾರೊಲಿನಾ ಸ್ಟೇಟ್‌ನ ಟ್ಯಾಕಲ್ (ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವವನು) ಆ್ಯಂಥನಿ ಬೆಲ್ಟನ್. ಆರಡಿ ಆರಿಂಚು, 150 ಕಿಲೋ ಮೀರಿದ ದೇಹ. ಬೇಗ ತೆಗೆದುಕೊಂಡರೆಂದು ಗೊಣಗಿದವರಿದ್ದರು. ಅದು ಸಲ್ಲದ ಗೊಣಗಾಟ; ಎಡ, ಬಲ, ಒಳಗೆ, ಎಲ್ಲಿ ನಿಲ್ಲಿಸಿದರೂ ನಿಲ್ಲುವ ದೈತ್ಯ ಮೂರನೆಯ ಸುತ್ತಿನವರೆಗೆ ಉಳಿದಿರುವುದಿಲ್ಲ. 87ರಲ್ಲಿ ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ಸೇವಿಯನ್ ವಿಲಿಯಮ್ಸ್, ಮತ್ತೊಬ್ಬ ರಿಸೀವರ್. ಎಡವಿದ್ದು ಇಲ್ಲಿ. ಮೂರು ಸುತ್ತಿನಲ್ಲಿ ಇಬ್ಬರು ರಿಸೀವರ್‌ಗಳು. ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಮೇಲೆ ಅಂಚಿನಿಂದ ಎರಗುವ ಎಡ್ಜ್ ಆಟಗಾರ ಒಬ್ಬನೂ ಇಲ್ಲ, ಎದುರಾಳಿ ರಿಸೀವರ್‌ಗಳ ಬೆನ್ನು ಹತ್ತುವ ಕಾರ್ನರ್‌ಬ್ಯಾಕ್ ಕೂಡ ಇಲ್ಲ. ಆ ಜಾಗದ ಹಿರಿಯ ಜೈರ್ ಅಲೆಕ್ಸಾಂಡರ್‌ನನ್ನು ಜೂನ್‌ನಲ್ಲಿ ತಂಡ ಕೈಬಿಟ್ಟಿತು. ಡ್ರಾಫ್ಟ್‌ನಿಂದ ಬಂದ ಕಾರ್ನರ್ ಒಬ್ಬನೇ, ಅದೂ 237ನೇ ಪಿಕ್‌ನಲ್ಲಿ, ಟುಲೇನ್‌ನ ಮೈಕಾ ರಾಬಿನ್ಸನ್.

ಆ 237ರ ಮೂಲವೂ ಒಂದು ಟ್ರೇಡ್: 2024ರ ನವೆಂಬರ್‌ನಲ್ಲಿ ಎಡ್ಜ್ ಆಟಗಾರ ಪ್ರೆಸ್ಟನ್ ಸ್ಮಿತ್‌ನನ್ನು ಪಿಟ್ಸ್‌ಬರ್ಗ್‌ಗೆ ಕಳಿಸಿ ಪಡೆದದ್ದು. ತಂಡದ ಸ್ವಂತ ಏಳನೇ ಸುತ್ತಿನ ಪಿಕ್ ಅದಕ್ಕೂ ಮುಂಚೆ ಟೆನೆಸಿಗೆ ಹೋಗಿತ್ತು, ಕ್ವಾರ್ಟರ್‌ಬ್ಯಾಕ್ ಮಲಿಕ್ ವಿಲ್ಲಿಸ್ ಸಲುವಾಗಿ. 2024ರಲ್ಲಿ ಲವ್ ಗಾಯಗೊಂಡಿದ್ದಾಗ ವಿಲ್ಲಿಸ್ ಆಡಿಸಿದ ಎರಡು ಪಂದ್ಯಗಳನ್ನೂ ತಂಡ ಗೆದ್ದಿತು. ಏಳನೇ ಸುತ್ತಿನ ಒಂದು ಪಿಕ್‌ಗೆ ಇದಕ್ಕಿಂತ ಹೆಚ್ಚಿನ ಬೆಲೆ ತೆಗೆಯಲಾಗದು.

ಊಟದ ಮಾತು. ಬೀದಿಯಲ್ಲೆಲ್ಲ ಬ್ರಾಟ್‌ವರ್ಸ್ಟ್ ಎಂಬ ಮಾಂಸದ ಸಾಸೇಜಿನ ಹೊಗೆ. ಸಸ್ಯಾಹಾರಿಗೆ ಆಸರೆ ಚೀಸ್ ಕರ್ಡ್ಸ್, ಅಂದರೆ ಎಳೆಯ ಚೀಸಿನ ತುಣುಕುಗಳು, ಆದರೆ ಎರಡು ಪ್ರಶ್ನೆ ಕೇಳಿಯೇ ತಿನ್ನಬೇಕು: ಚೀಸ್‌ಗೆ ಹಾಲು ಒಡೆಯಲು ಪ್ರಾಣಿಜನ್ಯ ರೆನೆಟ್ ಎಂಬ ಕಿಣ್ವ ಬಳಸಿದ್ದಾರೆಯೇ, ಕರಿದ ಎಣ್ಣೆ ಮಾಂಸಕ್ಕೂ ಅದೇನಾ. ಹಿಟ್ಟಿನಲ್ಲಿ ಬಿಯರ್ ಕಲಸುವುದೂ ಇಲ್ಲಿ ರೂಢಿ. ಕರಿಯದ ತಾಜಾ ಕರ್ಡ್ಸ್ ಹಲ್ಲಿಗೆ ಸಿಕ್ಕರೆ ಕೀಚ್ ಎನ್ನುತ್ತದೆ. ಆ ಸದ್ದು ಇದ್ದರೆ ಅಂದಿನದೇ ಮಾಲು. ಒಂದೆರಡು ದಿನ ಕಳೆದರೆ ಸದ್ದು ಹೋಗುತ್ತದೆ, ಮೈಕ್ರೋವೇವ್‌ನಲ್ಲಿ ಕೆಲವು ಸೆಕೆಂಡು ಬಿಸಿ ತಾಗಿಸಿದರೆ ತುಸು ಮರಳುತ್ತದೆ.

ಶನಿವಾರ ಹಗಲು, ನಾಲ್ಕನೇ ಸುತ್ತು. ಸಾಮಾನ್ಯವಾಗಿ ಆ ಹೊತ್ತಿಗೆ ಜನ ಕರಗಿರುತ್ತಾರೆ, ಆಹ್ವಾನಿತ ಆಟಗಾರರು ಮನೆಗೆ ಹೋಗಿರುತ್ತಾರೆ. ಟೆಕ್ಸಸ್‌ನ ಎಡ್ಜ್ ಆಟಗಾರ ಬ್ಯಾರಿನ್ ಸೊರೆಲ್ ಹೋಗಿರಲಿಲ್ಲ. ಗುರುವಾರ ಕಾದ, ಶುಕ್ರವಾರ ಕಾದ, ಮೂರನೆಯ ದಿನವೂ ಬಂದು ಕೂತ. ನೂರಕ್ಕೂ ಹೆಚ್ಚು ಹೆಸರುಗಳು ದಾಟಿ ಹೋದವು. 124ನೇ ಪಿಕ್ ಪ್ಯಾಕರ್ಸ್‌ದು. ಓದಿದ ಹೆಸರು ಅವನದೇ. ತನ್ನನ್ನು ಕರೆದ ತಂಡದ ಊರಿನಲ್ಲೇ, ಆ ತಂಡದ ಜನರ ಎದುರಿಗೇ ಅವನು ವೇದಿಕೆಗೆ ನಡೆದು ಬಂದ. ಮೂರು ದಿನದಲ್ಲಿ ಅಷ್ಟು ಬೆಚ್ಚಗಿನ ಗದ್ದಲ ಮತ್ತೊಂದಿರಲಿಲ್ಲ. ಡ್ರಾಫ್ಟ್ ನೋಡಲು ಹೋಗುವವರು ಶನಿವಾರವನ್ನು ಬಿಟ್ಟು ಬರಬಾರದು ಎನ್ನುವುದು ಇದಕ್ಕೇ. ನಿಲ್ಲಲು ಜಾಗವೂ ಧಾರಾಳ ಸಿಗುತ್ತದೆ.

159ರಲ್ಲಿ ಒಕ್ಲಹೋಮ ಸ್ಟೇಟ್‌ನ ಕಾಲಿನ್ ಆಲಿವರ್, 198ರಲ್ಲಿ ಜಾರ್ಜಿಯಾದ ವಾರನ್ ಬ್ರಿನ್ಸನ್, 250ರಲ್ಲಿ ಸಿನ್ಸಿನಾಟಿಯ ಜಾನ್ ವಿಲಿಯಮ್ಸ್. ಐದನೇ ಸುತ್ತಿನಿಂದಾಚೆಗೆ ಒಬ್ಬ ನೆಲೆಯೂರಿದರೂ ಲಾಭವೇ.

ಡ್ರಾಫ್ಟ್ ಮುಗಿದ ಮೇಲೂ ಇಲ್ಲಿಗೆ ಬರಲು ಒಳ್ಳೆಯ ಕಾಲ ಜುಲೈ ಕೊನೆ ಮತ್ತು ಆಗಸ್ಟ್. ತರಬೇತಿ ಶಿಬಿರದ ದಿನಗಳಲ್ಲಿ ಆಟಗಾರರು ಲ್ಯಾಂಬೋದಿಂದ ಒನೈಡಾ ಸ್ಟ್ರೀಟ್ ಆಚೆಗಿನ ರೇ ನಿಟ್ಷ್ಕೆ ಫೀಲ್ಡ್‌ಗೆ ಊರ ಮಕ್ಕಳ ಸೈಕಲ್ ತುಳಿದುಕೊಂಡು ಹೋಗುತ್ತಾರೆ. ತಂಡದ ಹಳೆಯ ಕೋಚ್ ಲೊಂಬಾರ್ಡಿ ಕಾಲದಿಂದ ಬಂದ ಪದ್ಧತಿ. ಮಗು ಹೆಲ್ಮೆಟ್ ಹೊತ್ತು ಪಕ್ಕದಲ್ಲಿ ಓಡುತ್ತದೆ. ಪುಟ್ಟ ಸೀಟಿನ ಮೇಲೆ ನೂರೈವತ್ತು ಕಿಲೋದ ಆಳು, ಮೊಣಕಾಲು ಹ್ಯಾಂಡಲ್‌ಗೆ ತಾಗುತ್ತಿರುತ್ತದೆ. ಹೊಸ ಪಿಕ್‌ಗಳನ್ನು ಕೈಯಳತೆಯಲ್ಲಿ ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಕ್ರೀಡಾಂಗಣದ ಒಳಗೆ ಪ್ರವಾಸ ಮಾಡಿಸುತ್ತಾರೆ. ಒಂದು ಗಂಟೆಯಿಂದ ಎರಡು ಗಂಟೆವರೆಗಿನವು ಇವೆ. ಯಾವುದನ್ನೇ ಆರಿಸಿದರೂ ಆಟಗಾರರ ಸುರಂಗದವರೆಗೆ ಹೋಗುವುದೇ ಎಂದು ಕೇಳಿಕೊಳ್ಳಿ. ಹಳೆಯ ಸುರಂಗದ ಕಾಂಕ್ರೀಟ್ ತುಂಡೊಂದನ್ನು ಹೊಸ ನೆಲದಲ್ಲಿ ಹಾಗೇ ಕೂರಿಸಿದ್ದಾರೆ. ಹಳೆಯ ತಲೆಮಾರಿನವರು ತುಳಿದ ಅದೇ ಕಲ್ಲು, ಬೂದು ಬಣ್ಣದ್ದು, ಅಂಚು ಒರಟು. ಪಂದ್ಯಕ್ಕೇ ಬರುವವರು ದಿಂಬು ತನ್ನಿ, ಹೆಚ್ಚಿನ ಆಸನಗಳು ಬೆನ್ನಿಗೆ ಆಸರೆಯಿಲ್ಲದ ಅಲ್ಯೂಮಿನಿಯಂ ಬೆಂಚುಗಳು.

ಏಪ್ರಿಲ್‌ನಲ್ಲಿ ಬಿಟ್ಟ ಎಡ್ಜ್ ಸ್ಥಾನದ ಬೆಲೆಯನ್ನು ಆಗಸ್ಟ್ 28ರಂದು ತೆರಲಾಯಿತು. ಡಲ್ಲಾಸ್‌ನಿಂದ ಎಡ್ಜ್ ಆಟಗಾರ ಮೈಕಾ ಪಾರ್ಸನ್ಸ್ ಬಂದ. ಕೊಟ್ಟದ್ದು 2026 ಮತ್ತು 2027ರ ಮೊದಲ ಸುತ್ತಿನ ಪಿಕ್‌ಗಳು, ಜೊತೆಗೆ ಕೆನ್ನಿ ಕ್ಲಾರ್ಕ್. ಪಾರ್ಸನ್ಸ್‌ಗೆ ನಾಲ್ಕು ವರ್ಷಕ್ಕೆ 18.8 ಕೋಟಿ ಡಾಲರ್. ನಾಲ್ಕು ಋತುವಿನಲ್ಲಿ 52.5 ಸ್ಯಾಕ್ (ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಮಾಡಿದ 26 ವರ್ಷದ ಆಟಗಾರ. ಮೇಲೆ ಹೇಳಿದ ವಾಡಿಕೆಯಂತೆ ಲೆಕ್ಕ ಹಾಕಿದರೆ ಆ ಎರಡು ಪಿಕ್‌ಗಳು ಅಂದಿನ ಎರಡನೇ ಸುತ್ತಿನದೊಂದು, ಮೂರನೇ ಸುತ್ತಿನದೊಂದು. ಅಷ್ಟಕ್ಕೆ ಅಂಥವನು ಎಲ್ಲೂ ಸಿಗುವುದಿಲ್ಲ. ಮೊದಲ ಸುತ್ತಿನ ಪಿಕ್ ಕಳೆದುಕೊಂಡರೆ ಐದು ವರ್ಷ ಅಗ್ಗಕ್ಕೆ ದುಡಿಯುವ ಆಟಗಾರ ಕೈತಪ್ಪುತ್ತಾನೆ ಎನ್ನುವುದೂ ನಿಜ, ಆದರೆ ಅದು ತಾಳಿಕೊಳ್ಳಬಹುದಾದ ನಷ್ಟ.

ಬಹಳ ಜನ ಪಿಕ್‌ಗಳನ್ನೇ ಎಣಿಸುತ್ತ ಕ್ಲಾರ್ಕ್‌ನನ್ನು ಮರೆತರು. ಈ ಟ್ರೇಡ್‌ನ ದುಬಾರಿ ಭಾಗ ಅವನೇ. 2016ರ 27ನೇ ಪಿಕ್ ಆಗಿ ಬಂದು ಒಂಬತ್ತು ಋತು ರಕ್ಷಣೆಯ ಸಾಲಿನ ನಟ್ಟನಡುವೆ ನಿಂತವನು. ಇಬ್ಬರು ಎದುರಾಳಿಗಳನ್ನು ಮೈಮೇಲೆ ಎಳೆದುಕೊಂಡು ಸಾಲಿನ ಹಿಂದೆ ನಿಲ್ಲುವ ರಕ್ಷಕ ಲೈನ್‌ಬ್ಯಾಕರ್‌ಗೆ ದಾರಿ ಬಿಡಿಸುವುದು ಅವನ ಕೆಲಸ. ಅಂಕಿಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಅವನಿಗೆ ಸಮನಾದವನನ್ನು ತರಲಿಲ್ಲ, ಆರನೇ ಸುತ್ತಿನ ಬ್ರಿನ್ಸನ್‌ನಂಥ ಎಳೆಯರ ಮೇಲೆ ಭಾರ ಬಿತ್ತು. ಪಾರ್ಸನ್ಸ್ 12.5 ಸ್ಯಾಕ್ ಮಾಡಿದ, ಡಿಸೆಂಬರ್ 14ರಂದು ಡೆನ್ವರ್‌ನಲ್ಲಿ ಎಸಿಎಲ್ ಹರಿಯಿತು. ಅಂಚೂ ಹೋಯಿತು, ನಡುವೂ ಇಲ್ಲ. ಡಿಸೆಂಬರ್ 27ರಂದು ಇದೇ ಲ್ಯಾಂಬೋದಲ್ಲಿ ಬಾಲ್ಟಿಮೋರ್‌ನ ಡೆರಿಕ್ ಹೆನ್ರಿ 216 ಗಜ ಓಡಿ ನಾಲ್ಕು ಟಚ್‌ಡೌನ್ ಹೊಡೆದ. ಅವನು ಸೀಳಿಕೊಂಡು ಹೋದದ್ದು ಕ್ಲಾರ್ಕ್ ನಿಲ್ಲುತ್ತಿದ್ದ ಸಾಲನ್ನು.

ಗ್ರೀನ್ ಬೇಯಿಂದ ಹಿಂದಿರುಗುವವರಿಗೆ ಒಂದು ಸೂಚನೆ: ಪಂದ್ಯ ಮುಗಿದ ಕೂಡಲೇ ಹೊರಟರೆ ಲೊಂಬಾರ್ಡಿ ಅವೆನ್ಯೂದಲ್ಲೇ ಗಂಟೆ ಕಳೆಯುತ್ತದೆ. ರಿಜ್ ರೋಡ್ ದಾಟಿ ಟೈಟಲ್‌ಟೌನ್ ಅಂಗಳದಲ್ಲಿ ಕೂತು, ಸಂದಣಿ ಕರಗಿದ ಮೇಲೆ ಐ-41 ಹಿಡಿಯಿರಿ. 2026, 2027ರ ಏಪ್ರಿಲ್‌ಗಳಲ್ಲಿ ಮೊದಲ ಸುತ್ತಿನ ಪಿಕ್ ಇಲ್ಲದೆ ಉಳಿದ ಈ ತಂಡ ಎರಡನೇ ಸುತ್ತಿಗೆ ಕಾದಿದ್ದು, ಮೊದಲು ಹುಡುಕಬೇಕಾದದ್ದು ಸಾಲಿನ ನಡುವೆ ನಿಲ್ಲುವ ಒಬ್ಬ ದಪ್ಪ ಆಳನ್ನು.