ಸ್ಪ್ಯಾನಿಷ್ ಮೆಟ್ಟಿಲುಗಳ ಬಳಿ ನಿಂತು ತಿನ್ನುವ ಪಾಸ್ತಾ

ರೋಮ್‌ನ ಸ್ಪ್ಯಾನಿಷ್ ಮೆಟ್ಟಿಲುಗಳಿಗೆ ಬೆನ್ನು ಹಾಕಿ ನಿಂತರೆ ನೇರ ಎದುರಿಗೆ ಕಾಣುವುದು ವಿಯಾ ಕೊಂದೊತ್ತಿ. ಅದು ದುಬಾರಿ ಕೈಚೀಲಗಳ ಬೀದಿ, ಹಸಿದವರಿಗೆ ಅಲ್ಲೇನೂ ಕೆಲಸವಿಲ್ಲ. ಅದನ್ನು ಬಿಟ್ಟು ಬಲಕ್ಕೆ ನಡೆದರೆ ಎರಡನೇ ಬೀದಿಯೇ ವಿಯಾ ದೆಲ್ಲಾ ಕ್ರೋಚೆ. ಮೆಟ್ಟಿಲುಗಳ ಮುಂದಿನ ಚೌಕದಿಂದ ಒಳಗೆ ಹೊಕ್ಕ ಕೂಡಲೇ 8ನೇ ನಂಬರಿನ ಬಾಗಿಲಲ್ಲಿ ಜನ ಸಾಲುಗಟ್ಟಿರುತ್ತಾರೆ. ಅದೇ ಪಾಸ್ತಿಫೀಚೊ ಗ್ವೆರ್ರಾ, 1918ರ ಅಂಗಡಿ.

ಇದು ಹೋಟೆಲಲ್ಲ, ಹಸಿ ಪಾಸ್ತಾ ಮಾರುವ ಅಂಗಡಿ. ಸುತ್ತಲಿನವರು ಇಲ್ಲಿಂದ ಪಾಸ್ತಾ ತೂಗಿಸಿಕೊಂಡು ಹೋಗಿ ಮನೆಯಲ್ಲಿ ಬೇಯಿಸುತ್ತಾರೆ. ಬೇಯಿಸಿ ಕೊಡುವ ಮಧ್ಯಾಹ್ನದ ತಟ್ಟೆ ಆಮೇಲೆ ಬಂದು ಸೇರಿದ್ದು. ಅದಕ್ಕೇ ಉದ್ದನೆಯ ಮೆನು ಕೇಳಬೇಡಿ. ದಿನಕ್ಕೆ ಎರಡು ಬಗೆ ಎನ್ನುವುದು ಇಲ್ಲಿನ ಪದ್ಧತಿ, ಯಾವುದೆಂದು ಆ ದಿನವೇ ಗೊತ್ತಾಗುತ್ತದೆ. ಬಹುಕಾಲ 4 ಯೂರೋ ಇದ್ದ ತಟ್ಟೆಯ ಬೆಲೆ ಈಚೆಗೆ ಸ್ವಲ್ಪ ಏರಿದೆ. ಹಾಗಿದ್ದರೂ ಈ ಚೌಕದ ಸುತ್ತ ಕುರ್ಚಿ ಎಳೆದು ಕೂತರೆ ಅಷ್ಟಕ್ಕೆ ಒಂದು ಕಾಫಿಯೂ ಹುಟ್ಟುವುದು ಕಷ್ಟ.

ಅಗ್ಗವಾಗಿರುವುದಕ್ಕೆ ಗುಟ್ಟೇನೂ ಇಲ್ಲ. ಒಣ ಪಾಸ್ತಾ ಬೇಯಲು 8ರಿಂದ 12 ನಿಮಿಷ ಬೇಕು, ಹಸಿಯದಕ್ಕೆ 2-3 ನಿಮಿಷ ಸಾಕು. ಎರಡೇ ಬಗೆಯಾದ್ದರಿಂದ ಒಬ್ಬೊಬ್ಬರಿಗೂ ಬೇರೆ ಬಾಣಲೆ ಇಡುವ ಗೋಜಿಲ್ಲ, ಒಂದು ಪಾತ್ರೆ ಬೆಂದರೆ ಹತ್ತಾರು ತಟ್ಟೆ ಹೊರಡುತ್ತವೆ. ಮೇಜು, ಮಾಣಿ, ಪಿಂಗಾಣಿ ಯಾವುದೂ ಇಲ್ಲ. ನಮ್ಮ ದರ್ಶಿನಿಗಳ ಲೆಕ್ಕಾಚಾರವೇ, ಆದರೆ ದರ್ಶಿನಿಯಷ್ಟು ಜಾಗವೂ ಇಲ್ಲ.

ಸಾಲು ಅತಿ ಉದ್ದವಾಗುವುದು ಮಧ್ಯಾಹ್ನ 1ರಿಂದ 2ರವರೆಗೆ. 12:45ರ ಹೊತ್ತಿಗೆ ನಿಲ್ಲುವುದು ಜಾಣತನ. ತಡವಾದರೆ ಎರಡರಲ್ಲಿ ಒಂದು ಬಗೆ ಖಾಲಿಯಾಗಿರಬಹುದು. ಯಾವುದು ಬೇಕೆಂದು ನಿಮ್ಮ ಸರದಿ ಬರುವ ಮೊದಲೇ ತೀರ್ಮಾನಿಸಿ. ಕೌಂಟರಿನ ಮುಂದೆ ನಿಂತು ಮನೆಮಂದಿಯ ಜೊತೆ ಚರ್ಚೆಗಿಳಿಯುವವರನ್ನು ಅಲ್ಲಿ ಯಾರೂ ಸಹಿಸುವುದಿಲ್ಲ. ಚಿಲ್ಲರೆ ಕೈಯಲ್ಲಿರಲಿ.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ನಿಧಾನಿಸಬೇಕು. ಟೊಮೆಟೊ ಸಾಸ್ ಕೆಂಪಗೆ ಕಂಡ ಮಾತ್ರಕ್ಕೆ ನಿಶ್ಚಿಂತೆ ಬೇಡ: ಅಮಾತ್ರಿಚಾನಾ ಎಂಬ ಸಾಸ್ ಕೂಡ ಕೆಂಪೇ, ಅದರಲ್ಲಿ ಗ್ವಾಂಚಾಲೆ, ಅಂದರೆ ಉಪ್ಪು ಹಚ್ಚಿ ಹದಗೊಳಿಸಿದ ಹಂದಿಯ ಕೆನ್ನೆಯ ಮಾಂಸ, ಇರುತ್ತದೆ. ಮೊಟ್ಟೆ, ಚೀಸಿನ ಕಾರ್ಬೊನಾರಾದಲ್ಲೂ ಅದೇ. ‘ಸೆನ್ಸಾ ಕಾರ್ನೆ?’ (ಮಾಂಸವಿಲ್ಲದ್ದೇ?) ಎಂದಷ್ಟೇ ಕೇಳಿ ಸುಮ್ಮನಾಗಬೇಡಿ, ‘ಸೆನ್ಸಾ ಗ್ವಾಂಚಾಲೆ?’ ಎಂದೂ ಸೇರಿಸಿ. ಮೊಟ್ಟೆ ತಿನ್ನದವರಿಗೆ ತೊಡಕು ಇನ್ನೂ ಹೆಚ್ಚು. ತಾಲ್ಯಾತೆಲ್ಲೆ, ಫೆತ್ತುಚ್ಚೀನೆಯಂಥ ಪಟ್ಟಿ ಪಾಸ್ತಾದ ಹಿಟ್ಟೇ 100 ಗ್ರಾಂಗೆ ಒಂದು ಮೊಟ್ಟೆಯ ಅಳತೆಯಲ್ಲಿ ಕಲಸುವಂಥದ್ದು, ಸಾಸ್ ಬದಲಿಸಿದರೆ ಏನೂ ಬದಲಾಗದು. ಚೀಸ್ ವಿಷಯದಲ್ಲಿ ಕಟ್ಟುನಿಟ್ಟಾಗಿರುವವರು ಇದನ್ನೂ ತಿಳಿದಿರಲಿ: ಪೆಕೊರೀನೊ ರೊಮಾನೊದ ಹಾಲು ಒಡೆಯಲು ಬಳಸುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್, ಪಾರ್ಮಿಜಾನೊಗೆ ಕರುವಿನದು. ಇಷ್ಟೂ ಬೇಡವೆನ್ನುವವರಿಗೆ ಪಕ್ಕದ ಯಾವುದಾದರೂ ಬೇಕರಿಯ ಪಿಜ್ಜಾ ಬಿಯಾಂಕಾ (ಎಣ್ಣೆ, ಉಪ್ಪು ಹಾಕಿದ ಬರಿಯ ರೊಟ್ಟಿ) ಅಥವಾ ಚೀಸ್ ಇಲ್ಲದ, ಟೊಮೆಟೊ ಸವರಿದ ಪಿಜ್ಜಾ ರೊಸ್ಸಾ ಒಳ್ಳೆಯ ದಾರಿ.

ತಟ್ಟೆ ಕೈಗೆ ಬಂದ ಮೇಲೆ ಹೆಚ್ಚಿನವರು ಕೆಡಿಸಿಕೊಳ್ಳುವುದು ಒಂದೇ ಕಡೆ. ಊಟಕ್ಕೊಂದು ಒಳ್ಳೆಯ ನೋಟ ಇರಲೆಂದು ತಟ್ಟೆ ಹಿಡಿದು ಮೆಟ್ಟಿಲುಗಳ ಕಡೆ ಹೊರಡುತ್ತಾರೆ. 2019ರಿಂದ ಅಲ್ಲಿ ಕೂರುವುದೇ ನಿಷಿದ್ಧ. ಸೀಟಿ ಊದುತ್ತಾ ಪೊಲೀಸರು ಎಬ್ಬಿಸುತ್ತಾರೆ. ದಂಡ 250 ಯೂರೋ, ಕೊಳೆ ಮಾಡಿದರೆ 400ರವರೆಗೆ. ಅಂದರೆ ಹತ್ತಾರು ತಟ್ಟೆಗಳ ದುಡ್ಡು. ಮೇಲಿನ ಪಿಂಚೊ ತೋಟದಲ್ಲಿ ಕೂರಲು ಬೆಂಚುಗಳೇನೋ ಇವೆ, ಆದರೆ ಅಲ್ಲಿಗೆ ತಲುಪುವಷ್ಟರಲ್ಲಿ ಪಾಸ್ತಾ ಮುಗಿದ ಕಥೆ. ಹಸಿ ಪಾಸ್ತಾ ಸಾಸ್ ಹೀರುತ್ತಲೇ ಇರುತ್ತದೆ, ಐದು ನಿಮಿಷದಲ್ಲಿ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಚೀಸಿನ ಸಾಸ್ ಆದರೆ ತಣಿದಂತೆ ಗಂಟುಗಟ್ಟುತ್ತದೆ. ಗೋಡೆಗೆ ಒರಗಿಯೋ ಬಾಗಿಲ ಪಕ್ಕದಲ್ಲೋ ನಿಂತು ಬಿಸಿಬಿಸಿಯಾಗಿ ತಿಂದು ಮುಗಿಸುವುದೇ ಸರಿ. ಹಾದಿ ಕಟ್ಟದೆ ನಿಲ್ಲಿ, ತಟ್ಟೆಯನ್ನು ಕಸದ ಡಬ್ಬಿಗೇ ಹಾಕಿ.

ರುಚಿಯ ಮಾತು. ಇದು ರೋಮ್‌ನ ಅತ್ಯುತ್ತಮ ಪಾಸ್ತಾ ಅಲ್ಲ. ಜನ ಮುಗಿಬಿದ್ದಾಗ ಪಾಸ್ತಾ ಒಂದು ಗಳಿಗೆ ಹೆಚ್ಚೇ ಬೇಯುತ್ತದೆ, ಸಾಸ್ ಒಂದು ತಟ್ಟೆಗೆ ಧಾರಾಳ, ಇನ್ನೊಂದಕ್ಕೆ ಜಿಪುಣ. ಆದರೆ ಆರು ಭಾಷೆಗಳಲ್ಲಿ ಫೋಟೋ ಸಹಿತ ಮೆನು ನೇತುಹಾಕಿ, ಕ್ರೀಮ್ ಬೇಕಿಲ್ಲದ ಕಾರ್ಬೊನಾರಾಗೆ ಕ್ರೀಮ್ ಸುರಿಯುವ ಚೌಕದ ಸುತ್ತಲಿನ ‘ಟೂರಿಸ್ಟ್ ಮೆನು’ಗಳಿಗೆ ಹೋಲಿಸಿದರೆ ಇದರ ಮರ್ಯಾದೆಯೇ ಬೇರೆ.

ನೀರಿನ ಬಾಟಲಿ ಕೊಳ್ಳಬೇಡಿ. ಮೆಟ್ಟಿಲುಗಳ ಬುಡದಲ್ಲಿರುವ ದೋಣಿಯಾಕಾರದ ಬಾರ್ಕಾಚ್ಚಾ ಕಾರಂಜಿಗೆ ಹರಿಯುವುದು ಆಕ್ವಾ ವೆರ್ಜಿನೆಯ ನೀರು, ಕ್ರಿ.ಪೂ. 19ರಲ್ಲಿ ರೋಮನ್ ಸೇನಾನಿ ಅಗ್ರಿಪ್ಪ ತಂದ ಕಾಲುವೆಯ ಪರಂಪರೆ ಅದರದು. ದೋಣಿಯ ಎರಡೂ ತುದಿಯಲ್ಲಿ ಬೀಳುವ ಧಾರೆಗೆ ಬಾಟಲಿ ಹಿಡಿಯಬಹುದು. ಕಾಲು ಮಾತ್ರ ನೀರಿಗಿಳಿಸಬೇಡಿ, ಅದಕ್ಕೂ ದಂಡವಿದೆ.