ಫಾರ್ಮುಲಾ ಸಿಕ್ಕಮ್ಯಾಲ ಕುಂದ್ರೋರು ಯಾರ್ರಿ?

ಭಾನುವಾರ ಕೇಳಿದ ಮಾತು, ಗುರುವಾರ ಬಂದ್ರೂ ತಲೆಯಿಂದ ಹೋಗ್ತಿಲ್ಲ. ಕಪ್ಪು ಲೋಹಕ್ಕೆ ಬೆಳ್ಳಿ ಕೂರಿಸೋ ಬೀದರಿನ ಬಿದ್ರಿ ಕಲೆ ಬಗ್ಗೆ ಉಪನ್ಯಾಸ, ಪ್ರವೇಶ ಉಚಿತ, ಸರ್ವರಿಗೂ ಸ್ವಾಗತ, ಮುಗಿದ ಮೇಲೆ ಕಾಫಿ. ಬೆಂಗಳೂರಲ್ಲಿ ಇಂಥದ್ದಕ್ಕೇನೂ ಬರ ಇಲ್ಲ ಬಿಡಿ, ಬಸವನಗುಡಿಯ ವರ್ಲ್ಡ್ ಕಲ್ಚರ್ ಸಂಸ್ಥೆ 1945ರಿಂದ ಇದೆ, ದೊಮ್ಮಲೂರಿನ ಇಂಟರ್‌ನ್ಯಾಷನಲ್ ಸೆಂಟರ್ ಇದೆ, ಕೆರೆ ಶಾಸನ ಹಕ್ಕಿ ಸೀರೆ ಅಂತ ಪ್ರತಿ ವಾರ ಎಲ್ಲೋ ಒಂದು ಕಡೆ ಏನೋ ಒಂದು ನಡೀತಾನೇ ಇರುತ್ತೆ. ನಾನು ಹೋಗಿದ್ದು ಇವೆರಡೂ ಅಲ್ಲ, ಬೇರೆ ಕಡೆ, ಹೆಸರು ಬೇಡ.

ಮೊದಲು ಒಬ್ಬ ಪ್ರೊಫೆಸರ್ ಸ್ಲೈಡ್ ಹಾಕಿ ಬಹಮನಿ ಸುಲ್ತಾನರು, ಕಲಬುರಗಿಯಿಂದ ಬೀದರಿಗೆ ಬಂದ ರಾಜಧಾನಿ, ಪರ್ಷಿಯಾ ನಂಟು ಅಂತ ಚೆನ್ನಾಗೇ ಹೇಳಿದ್ರು, ಆದ್ರೆ ಮುಗಿಸೋಕೆ ಮನಸ್ಸೇ ಬರ್ಲಿಲ್ಲ ಅವರಿಗೆ. ಅಷ್ಟು ಹೊತ್ತೂ ಬೀದರಿನಿಂದ ರಾತ್ರಿಯಿಡೀ ರೈಲಲ್ಲಿ ಬಂದಿದ್ದ ಕುಶಲಕರ್ಮಿ ಪಕ್ಕದಲ್ಲಿ ಚಾಪೆ ಮೇಲೆ ಉಳಿ ಸುತ್ತಿಗೆ ಮುಂದಿಟ್ಕೊಂಡು ಸುಮ್ನೆ ಕೂತಿದ್ರು. ಅವರ ಸರದಿ ಬರೋ ಹೊತ್ತಿಗೆ ಅರ್ಧ ಹಾಲ್ ವಾಚ್ ನೋಡ್ತಿತ್ತು.

ಆದ್ರೆ ಅವರು ಕೈಗೆ ಉಳಿ ತಗೊಂಡ್ರು ನೋಡಿ, ಹಾಲ್ ಗಪ್‌ಚುಪ್. ಸತುವೇ ಹೆಚ್ಚು, ತಾಮ್ರ ಸ್ವಲ್ಪ, ಇವೆರಡನ್ನ ಕರಗಿಸಿ ಮಣ್ಣಿನ ಅಚ್ಚಿಗೆ ಹುಯ್ದು ಮಾಡಿದ ಪುಟ್ಟ ಹೂದಾನಿ. ಹೊಸದರಲ್ಲಿ ಅದು ಬೆಳ್ಳಗೆ ಇರುತ್ತಂತೆ, ಕೆತ್ತೋ ಗೆರೆ ಕಾಣ್ಲಿ ಅಂತ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡ್ಕೋತಾರೆ. ಆಮೇಲೆ ನಕ್ಷೆ ಗಿಷೆ ಏನೂ ಇಲ್ಲದೆ ನೇರ ಕೈಯಲ್ಲೇ ಬಳ್ಳಿ ಬರೆದು, ಗೆರೆಯ ಉದ್ದಕ್ಕೂ ಕೊರೆದು, ಆ ಸಂದಿಗೆ ಕೂದಲಿನಂಥ ಬೆಳ್ಳಿ ತಂತಿ ಕೂರಿಸಿ ಟಕ್ ಟಕ್ ಅಂತ ಬಡಿಯೋದು. ಒಂದು ಎಲೆ ಮುಗಿಯೋಕೆ ಎಷ್ಟು ಹೊತ್ತಾಯ್ತು ಅಂದ್ರೆ ಹಿಂದಿನ ಸಾಲಿನ ಮಗು ನಿದ್ದೆ ಹೋಯ್ತು.

ಕೊನೆಯ ಕಪ್ಪು ಬರೋದು ಮಣ್ಣಿಂದ. ಬೀದರ್ ಕೋಟೆ ಒಳಗೆ, ಬಹಳ ಕಾಲ ಬಿಸಿಲು ಮಳೆ ಬೀಳದ ಜಾಗದ ಮಣ್ಣು. ಅದನ್ನ ನವಸಾಗರ ಅನ್ನೋ ಉಪ್ಪಿನ ಜೊತೆ ನೀರಲ್ಲಿ ಕಲಸಿ ಬಿಸಿ ಮಾಡಿದ ಪಾತ್ರೆಗೆ ಉಜ್ಜಿದ್ರೆ ಲೋಹ ಕಡುಗಪ್ಪಾಗುತ್ತೆ, ಬೆಳ್ಳಿ ಮಾತ್ರ ಹಾಗೇ ಹೊಳೀತಾ ಉಳಿಯುತ್ತೆ. ಸರಿಯಾದ ಮಣ್ಣು ಯಾವ್ದು ಅಂತ ಹೇಗೆ ಗೊತ್ತಾಗುತ್ತೆ ಅಂದಿದ್ದಕ್ಕೆ, "ನಾಲಿಗಿ ಮ್ಯಾಲ ಇಟ್ಟು ನೋಡ್ತೀವ್ರಿ" ಅಂದ್ರು, ಏನೂ ವಿಶೇಷ ಇಲ್ಲ ಅನ್ನೋ ಥರ.

ಆಗ ಎದ್ರು ಮುಂದಿನ ಸಾಲಿನ ಅಂಕಲ್. ಪ್ರತಿ ಉಚಿತ ಉಪನ್ಯಾಸಕ್ಕೂ ಒಬ್ರು ಇರ್ತಾರೆ, ಪ್ರಶ್ನೆ ಅಂತ ಮೈಕ್ ಇಸ್ಕೊಂಡು ಭಾಷಣ ಮಾಡೋರು. ತಾವು ರಿಟೈರ್ಡ್ ಇಂಜಿನಿಯರ್, ಲೋಹಗಳ ಬಗ್ಗೆ ಎಲ್ಲಾ ಗೊತ್ತು, ಈ ಮಣ್ಣನ್ನ ಲ್ಯಾಬಿಗೆ ಕಳ್ಸಿ ಫಾರ್ಮುಲಾ ತೆಗೆಸಿದ್ರೆ ಕೋಟೆ ಮಣ್ಣನ್ನೇ ನಂಬ್ಕೊಂಡಿರೋ ಕಷ್ಟ ನಿಮಗ್ಯಾಕೆ, ಇನ್ನೂ ಯಾಕೆ ಯಾರೂ ಮಾಡ್ಸಿಲ್ಲ?

"ಮಾಡಸ್ರಿ ಸರ್, ಚಲೋನೇ ಆಯ್ತು. ಫಾರ್ಮುಲಾ ಸಿಕ್ಕಮ್ಯಾಲ ಕುಂದ್ರೋರು ಯಾರ್ರಿ? ಮಣ್ಣ ಇನ್ನೂ ಅದ. ಕುಂದ್ರೋರೇ ಇಲ್ಲ."

ಎಲ್ರೂ ನಕ್ರು, ಅಂಕಲ್ಲೂ ನಕ್ರು, ನಾನೂ ನಕ್ಕೆ. ಅವರೊಬ್ರು ನಗ್ಲಿಲ್ಲ. ಜೋಕ್ ಹೇಳೇ ಇರ್ಲಿಲ್ವಲ್ಲ ಅವರು.

ಆಮೇಲೆ ಸನ್ಮಾನ. ಬೀದರಿನವರ ತಲೆಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಅಂತ ಒಂದು ಪ್ಲಾಸ್ಟಿಕ್ ಫಲಕ! ಲೋಹಕ್ಕೆ ಬೆಳ್ಳಿ ಕೂರಿಸೋ ಕೈಗೆ ಸ್ಟಿಕರ್ ಅಂಟಿಸಿದ ಪ್ಲಾಸ್ಟಿಕ್. ಅದನ್ನ ಆರಿಸಿದವರು ಯಾರೋ ಗೊತ್ತಿಲ್ಲ, ನಮಸ್ಕಾರ ಅವರಿಗೆ.

ಕಾಫಿ ಹೊತ್ತಲ್ಲಿ ಹತ್ರ ಹೋಗಿ ಮಾತಾಡಿಸ್ದೆ. 2023ರಲ್ಲಿ ಬೀದರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗಿಂದ ಕೇಳ್ಕೊಂಡ್ ಬರೋರು ಹೆಚ್ಚಾಗಿದಾರಾ ಅಂದೆ. ಬರ್ತಾರೆ, ಫೋಟೋ ತೆಗಿತಾರೆ, ವಿಡಿಯೋ ಮಾಡ್ತಾರೆ, ಕಲೀತೀನಿ ಅಂತ ಕೂತ ಹುಡುಗ್ರು ಹಬ್ಬಕ್ಕೆ ಊರಿಗೆ ಹೋದೋರು ವಾಪಸ್ ಬರಲ್ಲ ಅಂದ್ರು. ಮಗ ಹೈದರಾಬಾದಲ್ಲಿ ಮೊಬೈಲ್ ಅಂಗಡೀಲಿ ಇದಾನೆ, "ಅವಂದೇನೂ ತಪ್ಪಿಲ್ರಿ, ತಿಂಗಳಾ ಪಗಾರ ಬರ್ತದ." ಇಲ್ಲಿಗೆ ಬಂದಿದ್ದಕ್ಕೆ ಏನು ಕೊಟ್ರು ಅಂತ ಕೇಳಿದ್ದಕ್ಕೆ ಟ್ರೈನ್ ಟಿಕೆಟ್ ಮಾಡ್ಸಿದಾರೆ ಅಂತ ಮಾತ್ರ ಹೇಳಿ ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದು ನನ್ನ ಕೈಗಿಟ್ರು.

ಈಗ ನನ್ನ ತಕರಾರು. ಉಚಿತ ಅಂತೀವಲ್ಲ, ಯಾರಿಗೆ ಉಚಿತ? ಪ್ರೊಫೆಸರಿಗೆ ಪೆನ್ಶನ್ ಇದೆ, ಸಂಘದವರಿಗೆ ಹಾಲ್ ಇದೆ, ನಮಗೆ ಭಾನುವಾರ ರಜಾ ಇದೆ. ಬರೋಕೊಂದು ದಿನ, ಹೋಗೋಕೊಂದು ದಿನ, ಕೂತಿದ್ದೊಂದು ದಿನ, ಅಷ್ಟೂ ಕೂಲಿ ಹೋಗಿದ್ದು ಅವರೊಬ್ಬರದೇ. ಟಿಕೆಟ್ ಇಟ್ರೆ ಬಡವರು ಬರಲ್ಲ ಅನ್ನೋ ವಾದ ನಾನೂ ಒಪ್ತೀನಿ, ಇಂಥ ಕಡೆ ಬಾಗಿಲು ಎಲ್ಲರಿಗೂ ತೆರೆದೇ ಇರಬೇಕು, ನಾನು ಕಾಲೇಜಲ್ಲಿದ್ದಾಗ ಜೇಬಲ್ಲಿ ಬಸ್ ಚಾರ್ಜ್ ಮಾತ್ರ ಇಟ್ಕೊಂಡು ಹೋಗಿ ಕಲಿತಿದ್ದು ಎಷ್ಟೋ ಇದೆ. ಆದ್ರೆ ಭಾನುವಾರ ಆ ಹಾಲಲ್ಲಿ ಕಾರ್ ಪಾರ್ಕಿಂಗಿಗೆ ಜಾಗ ಸಿಗ್ತಿರ್ಲಿಲ್ಲ ರೀ. ಕೇಳೋಕೆ ನಾವು ರೆಡಿ, ಅಯ್ಯೋ ಅಳಿದು ಹೋಗ್ತಿದೆ ಅಂತ ಲೊಚಗುಟ್ಟೋಕೂ ರೆಡಿ. ಎದುರಿಗೆ ಇಟ್ಟಿದ್ದ ಪೆನ್ ಸ್ಟ್ಯಾಂಡನ್ನ ಒಬ್ಬ ಆಂಟಿ ಎತ್ತಿ, ಬೆಲೆ ಕೇಳಿ, ಆನ್‌ಲೈನಲ್ಲಿ ಇದಕ್ಕಿಂತ ಕಮ್ಮಿ ಇದೆ ಅಂತ ವಾಪಸ್ ಇಟ್ರು.

ಅದೇ ಸಂಘದವರು ಮುಂದಿನ ತಿಂಗಳು ಇಳಕಲ್ ಸೀರೆ ಬಗ್ಗೆ ಇಟ್ಕೊಂಡಿದಾರಂತೆ. ನೇಕಾರರನ್ನ ಕರೆಸೋದಾದ್ರೆ ಮೂರು ದಿನದ ಕೂಲಿ ಕೊಡಿ, ದುಡ್ಡಿಲ್ಲ ಅಂದ್ರೆ ಬಾಗಿಲಲ್ಲಿ ಒಂದು ಡಬ್ಬಿ ಇಡಿ, ಇಷ್ಟ ಇದ್ದೋರು ಹಾಕ್ತಾರೆ, ಶಾಲು ಫಲಕದ ದುಡ್ಡನ್ನೂ ಅದಕ್ಕೇ ಹಾಕಿ ಅಂತ ಸಂಘಟಕರಿಗೆ ವಾಟ್ಸಾಪ್ ಮಾಡಿದೀನಿ. "ಸಮಿತಿ ಮುಂದೆ ಇಡ್ತೀವಿ ಮೇಡಂ" ಅಂತ ಉತ್ತರ ಬಂದಿದೆ. ಡಬ್ಬಿ ಇಲ್ಲಾಂದ್ರೆ ನಮ್ಮನೇದೇ ಒಂದು ತಗೊಂಡು ಹೋಗ್ತೀನಿ.